ಒಂದೇ ಗೀಸರ್, ಮೂರು ರೋಧ: ಯಾವ ಲೆಕ್ಕ ಸರಿ?

ಹನುಮಂತನಗರದಪ್ಪ · ಶನಿವಾರ ಬೆಳಗ್ಗೆ 9:40

ಎಲ್ಲರಿಗೂ ನಮಸ್ಕಾರ. ಮಗಳು ಹತ್ತನೇ ಕ್ಲಾಸ್. ವಿದ್ಯುತ್ ಪಾಠ ನಡೆಯುತ್ತಿದೆ. ಪುಸ್ತಕದ ಬಲ್ಬ್ ಬೇಡ, ನಮ್ಮ ಮನೆ ಗೀಸರ್ ಲೆಕ್ಕ ಹಾಕೋಣ ಅಪ್ಪ ಅಂದಳು. ನಾನು ಬಿಕಾಂ ಓದಿದವನು. ಆದರೂ ಹೂಂ ಅಂದೆ. ಈಗ ಸಿಕ್ಕಿಹಾಕಿಕೊಂಡಿದ್ದೇನೆ.

ಗೀಸರ್ 15 ಲೀಟರಿನದು. ಅದರ ಚೀಟಿಯ ಮೇಲೆ 2000 ವ್ಯಾಟ್, 230 ವೋಲ್ಟ್ ಅಂತ ಇದೆ.

ಮೊದಲು ಪುಸ್ತಕದ ಸೂತ್ರ ಹಾಕಿದಳು. ವೋಲ್ಟೇಜಿನ ವರ್ಗವನ್ನು ವ್ಯಾಟ್‌ನಿಂದ ಭಾಗಿಸಿದರೆ ರೋಧ, ಅಂದರೆ ರೆಸಿಸ್ಟೆನ್ಸ್. 230 × 230 ÷ 2000 = 26.45 ಓಮ್.

ಆಮೇಲೆ ಗೀಸರ್ ಪ್ಲಗ್ ಕಿತ್ತು ಅದರ ಎರಡು ಪಿನ್ನಿಗೆ ಮಲ್ಟಿಮೀಟರ್ ಹಿಡಿದೆವು. 27.0 ಓಮ್.

ಭಾವಮೈದನ ಹತ್ತಿರ ಕ್ಲಾಂಪ್ ಮೀಟರ್ ಇತ್ತು, ವೈರನ್ನು ಕತ್ತರಿಸದೆ ಸುತ್ತ ಹಿಡಿದು ಕರೆಂಟ್ ನೋಡುವಂಥದ್ದು. ಗೀಸರ್ ಓಡುವಾಗ 7.9 ಆಂಪಿಯರ್ ತೋರಿಸಿತು. ವೋಲ್ಟೇಜನ್ನು ಮೊದಲೇ ಹಾಲ್‌ನ ಸಾಕೆಟ್‌ನಲ್ಲಿ ನೋಡಿ ಬರೆದುಕೊಂಡಿದ್ದೆ, 228. ಭಾಗಿಸಿದರೆ 28.86 ಓಮ್!

ಒಂದೇ ಗೀಸರ್‌ಗೆ ಮೂರು ರೋಧ ಹೇಗೆ? ಇನ್ನೊಂದು, 228 × 7.9 ಅಂದರೆ 1801 ವ್ಯಾಟ್ ಆಗುತ್ತದೆ. ಬಾಕಿ 200 ವ್ಯಾಟ್ ಎಲ್ಲಿ ಹೋಯಿತು?

ಒಗ್ಗರಣೆ ಗುಂಡ · 9:52

ಬಾಡಿಗೆ ಮನೆ ಅಲ್ವಾ? 200 ವ್ಯಾಟನ್ನು ಓನರ್ ಅಡ್ವಾನ್ಸ್‌ನಲ್ಲಿ ಹಿಡಿದುಕೊಂಡಿರುತ್ತಾರೆ.

ಪಿಸಿಎಂಬಿ ಹುಡುಗ · 10:05

ಸಿಂಪಲ್ ಅಂಕಲ್. ಬಿಸಿಯಾದರೆ ಲೋಹದ ರೋಧ ಜಾಸ್ತಿ ಆಗುತ್ತದೆ. ಮಲ್ಟಿಮೀಟರ್‌ನಲ್ಲಿ ತಣ್ಣಗಿದ್ದಾಗ 27. ಓಡುವಾಗ ಬಿಸಿ, ಹಾಗಾಗಿ 28.86. ಮುಗಿಯಿತು.

ಪೀಣ್ಯ ಸೆಕೆಂಡ್ ಶಿಫ್ಟ್ · 10:31

ತಮ್ಮಾ, ಅಷ್ಟು ಬೇಗ ಮುಗಿಸಬೇಡ. ನಾನು ಹೀಟರ್ ಕೆಲಸದಲ್ಲೇ ಇರುವವನು. ಗೀಸರ್ ಕಾಯಿಲ್ ಒಳಗೆ ಇರುವುದು ನೈಕ್ರೋಮ್ ತಂತಿ. ಅದರ ರೋಧ ಬಿಸಿಗೆ ಹೆಚ್ಚು ಜಗ್ಗುವುದಿಲ್ಲ. ಅದನ್ನು ಹಾಕುವುದಕ್ಕೆ ಆ ಗುಣವೂ ಒಂದು ಕಾರಣ. ನೀರಿನಲ್ಲಿ ಮುಳುಗಿರುವ ಕಾಯಿಲ್ ಒಂದೆರಡು ಪರ್ಸೆಂಟ್ ಏರಬಹುದು. 27ರಿಂದ 28.86 ಅಂದರೆ ಸುಮಾರು ಏಳು ಪರ್ಸೆಂಟ್. ನನಗೆ ನಂಬಿಕೆ ಬರುತ್ತಿಲ್ಲ.

ನೀನು ಹೇಳಿದ್ದು ಹಳೇ ಬಲ್ಬಿಗೆ ಸರಿ. ಅದು ಟಂಗ್‌ಸ್ಟನ್. 60 ವ್ಯಾಟ್ ಬಲ್ಬ್ ಉರಿಯುವಾಗ 230 × 230 ÷ 60, ಅಂದರೆ 882 ಓಮ್. ಅದೇ ಬಲ್ಬನ್ನು ಆರಿಸಿ, ಕಳಚಿ, ತಣ್ಣಗೆ ಮಾಡಿ ಮೀಟರ್ ಹಿಡಿದರೆ 65 ಓಮ್ ಆಸುಪಾಸು ಬರುತ್ತದೆ. ಹತ್ತು ಪಟ್ಟಿಗೂ ಜಾಸ್ತಿ ವ್ಯತ್ಯಾಸ. ಸ್ವಿಚ್ ಹಾಕಿದ ಗಳಿಗೆಯಲ್ಲಿ ಆ ಬಲ್ಬ್ ಮೂರೂವರೆ ಆಂಪಿಯರ್ ಎಳೆಯುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಕಾಲು ಆಂಪಿಯರ್‌ಗೆ ಇಳಿಯುತ್ತದೆ. ಹಳೇ ಬಲ್ಬ್‌ಗಳು ಸ್ವಿಚ್ ಹಾಕುವಾಗಲೇ ಫ್ಯೂಸ್ ಆಗುತ್ತಿದ್ದದ್ದು ನೆನಪಿದೆಯಾ?

ಲ್ಯಾಬ್ ಮೇಷ್ಟ್ರು · 11:15

ಪಾಲಿಟೆಕ್ನಿಕ್ ಲ್ಯಾಬ್‌ನಲ್ಲಿ ಇಪ್ಪತ್ತು ವರ್ಷ ಇದನ್ನೇ ಹೇಳಿದ್ದೇನೆ, ಇಲ್ಲೂ ಹೇಳಿಬಿಡುತ್ತೇನೆ.

ಚೀಟಿಯಲ್ಲಿರುವ 2000 ವ್ಯಾಟ್ ಒಂದು ಮಾತು ಕೊಟ್ಟ ಹಾಗೆ. ಸರಿಯಾಗಿ 230 ವೋಲ್ಟ್ ಕೊಟ್ಟರೆ ಇಷ್ಟು ಎಳೆಯುತ್ತೇನೆ ಅಂತ. ಅದರಲ್ಲೂ ಕಾರ್ಖಾನೆಯವರು ಒಂದಿಷ್ಟು ಆಚೀಚೆ ಬಿಟ್ಟುಕೊಂಡಿರುತ್ತಾರೆ. ಹಾಗಾಗಿ 26.45 ಬರೀ ಅಂದಾಜು.

ಮಲ್ಟಿಮೀಟರಿನ 27.0ರಲ್ಲಿ ಮೀಟರಿನ ಎರಡು ಕಡ್ಡಿಗಳ ರೋಧವೂ ಸೇರಿದೆ. ಎರಡು ಕಡ್ಡಿಯ ತುದಿ ಒಂದಕ್ಕೊಂದು ಮುಟ್ಟಿಸಿ ಎಷ್ಟು ಬರುತ್ತದೆ ನೋಡಿ. ಅದನ್ನು ಕಳೆಯಿರಿ.

ನನಗೆ ಅನುಮಾನ ಇರುವುದು ಮೂರನೆಯದರ ಮೇಲೆ. 228 ನೋಡಿದ್ದು ಹಾಲ್‌ನಲ್ಲಿ, ಅದೂ ಗೀಸರ್ ಆಫ್ ಇದ್ದಾಗ. 7.9 ನೋಡಿದ್ದು ಬಚ್ಚಲಲ್ಲಿ, ಗೀಸರ್ ಆನ್ ಇದ್ದಾಗ. ಕೆಆರ್ ಮಾರ್ಕೆಟ್‌ನ ಬೆಳಗಿನ ರೇಟನ್ನು ಗಾಂಧಿಬಜಾರಿನ ಸಂಜೆ ತೂಕಕ್ಕೆ ಗುಣಿಸಿದರೆ ಬಿಲ್ ಸರಿ ಬರುತ್ತದಾ? ವೋಲ್ಟೇಜು, ಕರೆಂಟು ಎರಡೂ ಒಂದೇ ಜಾಗದಲ್ಲಿ, ಒಂದೇ ಹೊತ್ತಲ್ಲಿ ಅಳೆಯಬೇಕು. ಓಮ್ ಮಹಾಶಯ 1827ರಲ್ಲಿ ಪುಸ್ತಕ ಬರೆದಾಗಲೂ ಅಷ್ಟೇ, ಈಗಲೂ ಅಷ್ಟೇ.

ನಮ್ಮ ಭಾಷೆಯಲ್ಲಿ ಇನ್ನೊಂದು ತೊಂದರೆ ಇದೆ. ನಮಗೆ ಎಲ್ಲವೂ ಕರೆಂಟೇ. ಕರೆಂಟ್ ಹೋಯಿತು, ಕರೆಂಟ್ ಬಿಲ್ ಬಂತು, ಕರೆಂಟ್ ಕಮ್ಮಿ ಇದೆ, ಕರೆಂಟ್ ಹೊಡೆಯಿತು. ಕರೆಂಟ್ ಕಮ್ಮಿ ಅಂದಾಗ ನಾವು ಹೇಳುವುದು ವೋಲ್ಟೇಜಿನ ಮಾತು. ಕರೆಂಟ್ ಬಿಲ್‌ನಲ್ಲಿರುವುದು ಶಕ್ತಿಯ ಲೆಕ್ಕ. ನಿಜವಾದ ಕರೆಂಟು, ಆಂಪಿಯರ್‌ನಲ್ಲಿ ಅಳೆಯುವುದು, ಪಾಪ, ನಮ್ಮ ಮಾತಿನಲ್ಲಿ ಬರುವುದೇ ಅಪರೂಪ. ಮಗಳಿಗೆ ಇದನ್ನು ಮೊದಲು ಬಿಡಿಸಿ ಹೇಳಿ. ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

ಹಳೇ ವೈರ್‌ಮನ್ · 12:20

ಸ್ವಾಮಿ, ಕ್ಲಾಂಪನ್ನು ಒಂದೇ ವೈರ್‌ಗೆ ಹಾಕಿದ್ರಾ?

ಹನುಮಂತನಗರದಪ್ಪ · 12:34

ಮೊದಲು ಇಡೀ ಕೇಬಲ್‌ಗೆ ಹಾಕಿದೆ ಸಾರ್. ಸೊನ್ನೆ ಬಂತು. ಭಾವಮೈದ ಬಿದ್ದು ಬಿದ್ದು ನಕ್ಕ. ಹೋಗುವುದೂ ಬರುವುದೂ ಎರಡೂ ಒಳಗಿದ್ದರೆ ಒಂದನ್ನೊಂದು ಹೊಡೆದುಹಾಕುತ್ತವೆ ಅಂದ. ಅವನ ಹತ್ತಿರ ಮೂರು ವೈರ್ ಬಿಡಿಬಿಡಿಯಾಗಿ ಇರುವ ಚಿಕ್ಕ ಎಕ್ಸ್‌ಟೆನ್ಷನ್ ಇತ್ತು. ಅದರ ಫೇಸ್‌ಗೆ ಹಾಕಿ ನೋಡಿದ್ದು.

ಮೀಟರ್ ಕಡ್ಡಿ ಮುಟ್ಟಿಸಿದರೆ 0.4 ಬಂತು. ಹಾಗಾದರೆ ಕಾಯಿಲ್ 26.6. ಮೊದಲ ಸಲ ಹಿಡಿದಾಗ ಮೀಟರ್ ಏನೂ ತೋರಿಸಿರಲಿಲ್ಲ, ಕಾಯಿಲ್ ಸುಟ್ಟೇಹೋಗಿದೆ ಅಂದುಕೊಂಡೆ. ನೀರು ಬಿಸಿ ಇತ್ತು, ಥರ್ಮೋಸ್ಟಾಟ್ ಕಟ್ ಆಗಿತ್ತು ಅಷ್ಟೇ. ಒಂದು ಬಕೆಟ್ ಬಿಸಿನೀರು ಬಿಟ್ಟ ಮೇಲೆ ಸರಿಹೋಯಿತು.

ಹಳೇ ವೈರ್‌ಮನ್ · 12:50

ಸಂತೋಷ. ನಾಳೆ ಒಂದು ಕೆಲಸ ಮಾಡಿ. ಗೀಸರ್ ಬೋರ್ಡಿನಲ್ಲೇ ಪಕ್ಕದಲ್ಲಿ ಚಿಕ್ಕ ಸಾಕೆಟ್ ಇದೆಯಾ? ಗೀಸರ್ ಓಡುತ್ತಿರುವಾಗ ಅದರಲ್ಲಿ ವೋಲ್ಟೇಜ್ ನೋಡಿ. ತಕ್ಷಣ ಹಾಲ್‌ಗೆ ಹೋಗಿ ಅಲ್ಲೂ ನೋಡಿ. ಗೀಸರ್ ಆಫ್ ಮಾಡಬೇಡಿ. ಹಾಲ್‌ನ ಲೈನ್ ಬೇರೆ, ಅದರ ಮೇಲೆ ಹೊರೆ ಇರುವುದಿಲ್ಲ. ಹಾಗಾಗಿ ಅಲ್ಲಿ ಬರುವುದು ಹೆಚ್ಚುಕಮ್ಮಿ ಮೇನ್ ಬೋರ್ಡಿನ ವೋಲ್ಟೇಜೇ. ಮೇನ್ ಬೋರ್ಡ್ ಬಿಚ್ಚುವ ಉಸಾಬರಿ ಬೇಡ.

ಕೈ ಒಣಗಿರಲಿ, ಕಾಲಿಗೆ ಚಪ್ಪಲಿ ಇರಲಿ, ಬಚ್ಚಲ ನೆಲ ಒದ್ದೆ ಇದ್ದರೆ ಮುಂದೂಡಿ. ಮೀಟರಿನ ಗುಂಡಿ ವೋಲ್ಟ್‌ನಲ್ಲೇ ಇದೆಯಾ ಎರಡು ಸಲ ನೋಡಿ. ಓಮ್‌ನಲ್ಲಿಟ್ಟು ಸಾಕೆಟ್‌ಗೆ ತೂರಿಸಿ ಮೀಟರ್ ಸುಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಮಗಳು ಬರೆದುಕೊಳ್ಳಲಿ, ಕಡ್ಡಿ ನೀವೇ ಹಿಡಿಯಿರಿ.

ಎಸ್‌ಪಿ ರೋಡ್ ಅಲೆಮಾರಿ · ಮಧ್ಯಾಹ್ನ 2:10

ಮೀಟರ್ ಎಷ್ಟು ರೂಪಾಯಿದು ಅಂತಲೂ ನೋಡಿಕೊಳ್ಳಿ. ಎಸ್‌ಪಿ ರೋಡ್‌ನ ಫುಟ್‌ಪಾತಿನಲ್ಲಿ ಸಿಗುವ ಹಳದಿ ಮೀಟರ್ ರೆಸಿಸ್ಟರ್ ನೋಡಲು ಸಾಕು. 230 ವೋಲ್ಟ್‌ಗೆ ಅದನ್ನು ನಂಬಿ ಕೈ ಹಾಕಬೇಡಿ. ಒಳಗಿನ ಫ್ಯೂಸು, ಕಡ್ಡಿಯ ಪ್ಲಾಸ್ಟಿಕ್ಕು ಎರಡೂ ಸುಮಾರಾಗಿರುತ್ತವೆ.

ಮೀಟರ್ ಇಲ್ಲದೆ ಲೆಕ್ಕ ಹಾಕುವ ದಾರಿಯೂ ಇದೆ. ಮನೆ ಹೊರಗಿನ ಎಲೆಕ್ಟ್ರಿಕ್ ಮೀಟರಿನಲ್ಲಿ ಕೆಂಪು ದೀಪ ಮಿನುಗುತ್ತಿರುತ್ತದೆ ಅಲ್ವಾ? ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಮಿನುಗು ಅಂತ ಬರೆದಿರುತ್ತಾರೆ. 3200 ಅಂತಿದ್ದರೆ, ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್, ಭಾಗಿಸಿದರೆ ಮಿನುಗಿಗೆ 1125 ಜೂಲ್. ಬೇರೆಲ್ಲ ಆಫ್ ಮಾಡಿ ಗೀಸರ್ ಮಾತ್ರ ಬಿಟ್ಟು ಒಂದು ನಿಮಿಷ ಎಣಿಸಿ. ಮಿನುಗಿನ ಲೆಕ್ಕವನ್ನು 1125ರಿಂದ ಗುಣಿಸಿ 60ರಿಂದ ಭಾಗಿಸಿದರೆ ವ್ಯಾಟ್ ಸಿಕ್ಕಿತು. ಮಗಳಿಗೆ ಈ ಕೆಲಸ ಕೊಡಿ. ಕೈಯಲ್ಲಿ ಏನೂ ಮುಟ್ಟುವ ಹಾಗಿಲ್ಲ.

ಮಲ್ಲೇಶ್ವರ 15ನೇ ಕ್ರಾಸ್ · ಸಂಜೆ 5:25

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇದನ್ನು ಓದಿ ನಾನೂ ನನ್ನ ಮಗನೂ ನಮ್ಮ ಮನೆಯ 9 ವ್ಯಾಟ್ ಎಲ್‌ಇಡಿ ಬಲ್ಬ್ ಅಳೆದೆವು. ಕ್ಲಾಂಪ್‌ಗೆ ಅಷ್ಟು ಸಣ್ಣ ಕರೆಂಟ್ ಸಿಗುವುದಿಲ್ಲ. ಅದಕ್ಕೆ ಬಿಡಿ ವೈರನ್ನು ಕ್ಲಾಂಪ್‌ನೊಳಗೆ ಹತ್ತು ಸುತ್ತು ಸುತ್ತಿ, ಬಂದದ್ದನ್ನು ಹತ್ತರಿಂದ ಭಾಗಿಸಿದೆವು. 0.08 ಆಂಪಿಯರ್. ವೋಲ್ಟೇಜು 230. ಗುಣಿಸಿದರೆ 18 ವ್ಯಾಟ್! ಬಲ್ಬಿನ ಕಂಪನಿಯವರು ಮೋಸ ಮಾಡುತ್ತಿದ್ದಾರಾ? ಬಿಲ್ ಡಬಲ್ ಬರುತ್ತದಾ?

ಲ್ಯಾಬ್ ಮೇಷ್ಟ್ರು · 6:40

ಹತ್ತು ಸುತ್ತಿನ ಉಪಾಯಕ್ಕೆ ಶಭಾಷ್ ಮೇಡಂ. ಮೋಸ ಇಲ್ಲ, ಬಿಲ್ಲೂ ಡಬಲ್ ಬರುವುದಿಲ್ಲ.

ವೋಲ್ಟ್ ಗುಣಿಸು ಆಂಪಿಯರ್ ಅಂದರೆ ವ್ಯಾಟ್ ಅನ್ನುವುದು ಬ್ಯಾಟರಿ ಸರ್ಕಿಟ್‌ಗೆ ಸರಿ. ಎಸಿಯಲ್ಲಿ, ಅಂದರೆ ಮನೆಗೆ ಬರುವ ಕರೆಂಟಿನಲ್ಲಿ, ಗೀಸರ್, ಇಸ್ತ್ರಿಪೆಟ್ಟಿಗೆ, ಹಳೇ ಬಲ್ಬ್ ಥರದವಕ್ಕೂ ಸರಿ. ಎಲ್‌ಇಡಿ ಒಳಗಿನ ಸರ್ಕಿಟ್ ಕರೆಂಟನ್ನು ಒಂದೇ ಸಮ ಎಳೆಯುವುದಿಲ್ಲ. ವೋಲ್ಟೇಜ್ ಏರಿದಾಗ ಒಂದು ಗುಟುಕು, ಆಮೇಲೆ ಸುಮ್ಮನೆ. ಫ್ಯಾನು, ಮೋಟಾರಿನಲ್ಲಿ ಕರೆಂಟು ವೋಲ್ಟೇಜಿನ ಹಿಂದೆ ಹಿಂದೆ ಬರುತ್ತದೆ. ಇವುಗಳಲ್ಲಿ ಗುಣಾಕಾರದ ಉತ್ತರವನ್ನು ಪವರ್ ಫ್ಯಾಕ್ಟರ್ ಅನ್ನುವ, ಒಂದಕ್ಕಿಂತ ಚಿಕ್ಕ ಅಂಕಿಯಿಂದ ಇನ್ನೊಮ್ಮೆ ಗುಣಿಸಬೇಕು. ನಿಮ್ಮ ಬಲ್ಬಿಗೆ ಅದು ಅರ್ಧದ ಹತ್ತಿರ ಇದೆ, ಹಾಗಾಗಿ 18ರಲ್ಲಿ 9. ಮನೆ ಮೀಟರ್ ಯೂನಿಟ್ ಲೆಕ್ಕ ಹಾಕುವುದು ಆ 9ಕ್ಕೇ.

ಅದೇ ಕಾರಣಕ್ಕೆ ಎಲ್‌ಇಡಿಗೆ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ ಬಂದ ಅಂಕಿಯನ್ನು ರೋಧ ಅಂತ ಕರೆಯಬೇಡಿ. ಭಾಗಾಕಾರ ಮಾಡಲು ಯಾರೂ ಅಡ್ಡ ಬರುವುದಿಲ್ಲ, ಆದರೆ ಬಂದ ಉತ್ತರದಿಂದ ಉಪಯೋಗವೂ ಇಲ್ಲ.

ಹನುಮಂತನಗರದಪ್ಪ · ಭಾನುವಾರ ಬೆಳಗ್ಗೆ 8:15

ವೈರ್‌ಮನ್ ಸಾರ್ ಹೇಳಿದ ಹಾಗೆ ಮಾಡಿದೆ. ಗೀಸರ್ ಓಡುತ್ತಿರುವಾಗ:

ಬಚ್ಚಲ ಬೋರ್ಡಿನಲ್ಲಿ 214 ವೋಲ್ಟ್.
ಹಾಲ್‌ನಲ್ಲಿ 224 ವೋಲ್ಟ್.
ಕರೆಂಟ್ ಅದೇ 7.9.

ಮಗಳು ತಕ್ಷಣ ಭಾಗಿಸಿದಳು. 214 ÷ 7.9 = 27.09 ಓಮ್. ತಣ್ಣಗಿದ್ದಾಗ 26.6, ಈಗ 27.1. ಪೀಣ್ಯದವರು ಹೇಳಿದ ಒಂದೆರಡು ಪರ್ಸೆಂಟ್ ಸರಿಯಾಗಿ ಕೂತಿತು. ಗೀಸರ್‌ಗೆ ನಿಜವಾಗಿ ಸಿಗುತ್ತಿರುವುದು 214 × 7.9, ಅಂದರೆ 1690 ವ್ಯಾಟ್.

ಹೊರಗಿನ ಮೀಟರಿನ ದೀಪವನ್ನೂ ಎಣಿಸಿದಳು. ಒಂದು ನಿಮಿಷಕ್ಕೆ 94 ಮಿನುಗು. ನಮ್ಮದೂ 3200ರದ್ದೇ. 94 × 1125 ÷ 60 = 1762 ವ್ಯಾಟ್. ಮೀಟರ್ 1762 ಅನ್ನುತ್ತದೆ, ಗೀಸರ್ 1690 ಅನ್ನುತ್ತದೆ. ನಡುವಿನ 70 ವ್ಯಾಟ್ ಯಾರದು?

ಹಳೇ ವೈರ್‌ಮನ್ · 8:28

ಸ್ವಾಮಿ, ಮೊದಲು ಗೀಸರ್ ಆಫ್ ಮಾಡಿ. ಆಮೇಲೆ ಮುಂದೆ ಓದಿ.

ಮೇನ್ ಬೋರ್ಡಿನಿಂದ ಬಚ್ಚಲಿಗೆ ಬರುವಷ್ಟರಲ್ಲಿ 10 ವೋಲ್ಟ್ ಬಿದ್ದುಹೋಗಿದೆ. 10 ÷ 7.9 ಅಂದರೆ 1.27 ಓಮ್ ನಿಮ್ಮ ಗೋಡೆಯೊಳಗಿದೆ. ನೀವು ಕೇಳಿದ 70 ವ್ಯಾಟ್ ಹೋಗುತ್ತಿರುವುದು ಅಲ್ಲೇ. ವೈರ್ ಎಷ್ಟು ದಪ್ಪ? ಎಷ್ಟು ಉದ್ದ?

ಹನುಮಂತನಗರದಪ್ಪ · 8:45

ಆಫ್ ಮಾಡಿದೆ ಸಾರ್. ಹಳೇ ಮನೆ. ಗೋಡೆ ಮೇಲಿನ ಪೈಪ್ ನೋಡಿದರೆ ವೈರ್ ಅಡುಗೆಮನೆ ಸುತ್ತಿಕೊಂಡು ಬಂದಿದೆ. 18 ಮೀಟರ್ ಇರಬಹುದು. ದಪ್ಪ ಗೊತ್ತಿಲ್ಲ. ಲೈಟ್‌ಗೆ ಹಾಕುವ ವೈರ್ ಥರವೇ ಕಾಣುತ್ತದೆ.

ಲ್ಯಾಬ್ ಮೇಷ್ಟ್ರು · 9:10

ಹಾಗಾದರೆ 1 ಸ್ಕ್ವೇರ್ ಎಂಎಂ ಅಂತಿಟ್ಟುಕೊಳ್ಳೋಣ. ಆ ದಪ್ಪದ ತಾಮ್ರದ ವೈರ್ ಮೀಟರಿಗೆ ಸುಮಾರು 0.018 ಓಮ್. ಹೋಗಲು 18, ಬರಲು 18, ಒಟ್ಟು 36 ಮೀಟರ್. 0.65 ಓಮ್ ಆಯಿತು. ಇರುವುದು 1.27. ಇನ್ನೂ 0.62 ಓಮ್ ಎಲ್ಲೋ ಒಂದು ಕಡೆ ಕೂತಿದೆ. ಜಾಯಿಂಟ್ ಅಥವಾ ಸ್ಕ್ರೂ.

0.62 ಓಮ್ ಏನು ಮಹಾ ಅನಿಸುತ್ತದೆ. ಕರೆಂಟಿನ ವರ್ಗದಿಂದ ಗುಣಿಸಿ ನೋಡಿ. 7.9 × 7.9 × 0.62 = 39 ವ್ಯಾಟ್. ನಮ್ಮ ಲ್ಯಾಬ್‌ನ ಸಾಲ್ಡರಿಂಗ್ ಕಡ್ಡಿ 25 ವ್ಯಾಟಿನದು, ಅದು ಸೀಸ ಕರಗಿಸುತ್ತದೆ. ನಿಮ್ಮ ಗೋಡೆಯೊಳಗೆ ಅದಕ್ಕಿಂತ ಬಲವಾದದ್ದು ದಿನಾ ಬೆಳಗ್ಗೆ ಉರಿಯುತ್ತಿದೆ.

ಪಿಸಿಎಂಬಿ ಹುಡುಗ · 9:22

ಸಾರ್, ಹಾಗಾದರೆ ಎಂಸಿಬಿ, ಅಂದರೆ ಬೋರ್ಡಿನಲ್ಲಿ ತಾನಾಗಿ ಆಫ್ ಆಗುವ ಸ್ವಿಚ್, ಯಾಕೆ ಬೀಳಲಿಲ್ಲ?

ಹಳೇ ವೈರ್‌ಮನ್ · 9:40

ಒಳ್ಳೇ ಪ್ರಶ್ನೆ ಕೇಳಿದೆ ಮಗಾ. ಎಂಸಿಬಿ 16 ಆಂಪಿಯರ್‌ದು ಇರುತ್ತದೆ. ಅದು ಕಾಯುವುದು ಜಾಸ್ತಿ ಕರೆಂಟಿಗೆ. ಲೂಸ್ ಜಾಯಿಂಟ್ ಇದ್ದರೆ ರೋಧ ಕೂಡಿ ಕರೆಂಟ್ ಕಮ್ಮಿಯೇ ಆಗುತ್ತದೆ. ಎಂಸಿಬಿಯ ಲೆಕ್ಕದಲ್ಲಿ ಎಲ್ಲ ಸರಿಯಾಗಿದೆ. ಜಾಯಿಂಟ್ ಸುಟ್ಟು, ವೈರಿನ ಪ್ಲಾಸ್ಟಿಕ್ ಕರಗಿ, ಫೇಸು ನ್ಯೂಟ್ರಲ್ಲು ಮುಟ್ಟಿದ ಮೇಲೆ ಬೀಳುತ್ತದೆ. ಅಷ್ಟರಲ್ಲಿ ಹೊಗೆ ಬಂದಿರುತ್ತದೆ.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ದಿನಕ್ಕೆ ಅರ್ಧ ಗಂಟೆ ಓಡಿಸಿದರೆ ವೈರಿನಲ್ಲಿ ಪೋಲಾಗುವುದು ತಿಂಗಳಿಗೆ ಒಂದು ಯೂನಿಟ್ ಚಿಲ್ಲರೆ. ಅದಕ್ಕೆ ಹೆದರಬೇಡಿ. ಜಾಯಿಂಟ್‌ಗೆ ಹೆದರಿ.

ಪೀಣ್ಯ ಸೆಕೆಂಡ್ ಶಿಫ್ಟ್ · 10:05

ಈ ವರ್ಗದ ಲೆಕ್ಕ ಬಂದಾಗಲೆಲ್ಲ ನನಗೆ ಶಿವನಸಮುದ್ರ ನೆನಪಾಗುತ್ತದೆ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಲೈನ್ ಎಳೆದರು. ಸುಮಾರು 150 ಕಿಲೋಮೀಟರ್ ದೂರ. ನಮ್ಮ ಹನುಮಂತನಗರದಪ್ಪ 18 ಮೀಟರ್‌ನಲ್ಲಿ 10 ವೋಲ್ಟ್ ಕಳೆದುಕೊಂಡಿದ್ದಾರೆ, ಅವರು ಅಷ್ಟು ದೂರ ಹೇಗೆ ಒಯ್ದರು? ವೋಲ್ಟೇಜನ್ನು 30,000ಕ್ಕೂ ಮೇಲೆ ಏರಿಸಿದರು. ಅದೇ ಪವರನ್ನು ಹತ್ತು ಪಟ್ಟು ವೋಲ್ಟೇಜಿನಲ್ಲಿ ಕಳಿಸಿದರೆ ಕರೆಂಟು ಹತ್ತನೇ ಒಂದು ಪಾಲು, ತಂತಿಯಲ್ಲಿ ಪೋಲಾಗುವುದು ನೂರನೇ ಒಂದು ಪಾಲು. ಮೂರು ವರ್ಷಕ್ಕೆ, 1905ರಲ್ಲಿ, ಅದೇ ಶಿವನಸಮುದ್ರದ ಕರೆಂಟಿನಿಂದ ನಮ್ಮ ಬೆಂಗಳೂರಿನ ಬೀದಿಯಲ್ಲೂ ದೀಪ ಹತ್ತಿತು.

ಒಗ್ಗರಣೆ ಗುಂಡ · 10:11

ಹಾಗಾದರೆ ಗೀಸರ್‌ಗೂ 30,000 ವೋಲ್ಟ್ ಕೊಟ್ಟುಬಿಡೋಣ. ಸ್ನಾನ ಒಂದೇ ಸಲ ಮಾಡಿದರೆ ಸಾಕು.

ಹನುಮಂತನಗರದಪ್ಪ · ಬುಧವಾರ ರಾತ್ರಿ 9:30

ಮೂರು ದಿನ ಒಲೆ ಮೇಲೆ ನೀರು ಕಾಯಿಸಿಕೊಂಡೆವು. ಇವತ್ತು ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಬಂದಿದ್ದರು. ವೈರ್ 1 ಸ್ಕ್ವೇರ್ ಎಂಎಂ ಅಂತ ಅಳೆದು ಹೇಳಿದರು, ಮೇಷ್ಟ್ರ ಅಂದಾಜು ಸರಿ. ಅಡುಗೆಮನೆ ಮೂಲೆಯಲ್ಲಿ, ಅಟ್ಟದ ಕೆಳಗೆ ಒಂದು ಜಂಕ್ಷನ್ ಬಾಕ್ಸ್ ಇತ್ತು. ಸುಣ್ಣದಲ್ಲಿ ಮುಚ್ಚಿಹೋಗಿತ್ತು. ನಮಗೆ ಅದು ಇದೆ ಅಂತಲೇ ಗೊತ್ತಿರಲಿಲ್ಲ. ಮುಚ್ಚಳ ತೆಗೆದರೆ ಸುಟ್ಟ ವಾಸನೆ. ಎರಡು ವೈರನ್ನು ಸುಮ್ನೆ ತಿರುಚಿ ಟೇಪ್ ಸುತ್ತಿದ್ದರು. ಟೇಪು ಹಪ್ಪಳದ ಹಾಗೆ ಆಗಿತ್ತು, ಮುಟ್ಟಿದರೆ ಪುಡಿ. ಒಳಗಿನ ತಾಮ್ರ ಕಪ್ಪಗೆ. ಅದರ ಕೆಳಗೆ ನಾವು ಗ್ಯಾಸ್ ಸಿಲಿಂಡರ್ ಇಟ್ಟಿದ್ದೇವೆ. ಹೆಂಡತಿ ನೋಡಿ ಮಾತೇ ಆಡಲಿಲ್ಲ.

ಮೇನ್ ಬೋರ್ಡಿನಿಂದ ಬಚ್ಚಲಿಗೆ ಹೊಸದಾಗಿ 2.5 ಸ್ಕ್ವೇರ್ ಎಂಎಂ ಎಳೆದರು, ನಡುವೆ ಜಾಯಿಂಟ್ ಇಲ್ಲ. ಸಂಜೆ ಅಳೆದೆವು. ಗೀಸರ್ ಓಡುವಾಗ ಹಾಲ್‌ನಲ್ಲಿ 224, ಬಚ್ಚಲಲ್ಲಿ 222. ಕರೆಂಟ್ 8.2. ಮಗಳ ಲೆಕ್ಕ: ರೋಧ 27.07, ಪವರ್ 1820 ವ್ಯಾಟ್. 230 ವೋಲ್ಟ್ ಇಲ್ಲವಲ್ಲ, ಅದಕ್ಕೇ 2000 ಇಲ್ಲ ಅಂತ ಅವಳೇ ಬರೆದಿದ್ದಾಳೆ.

ಆ ಕಪ್ಪಾದ ಜಾಯಿಂಟ್ ತುಂಡನ್ನು ಕತ್ತರಿಸಿ ಜಾಮಿಟ್ರಿ ಬಾಕ್ಸ್‌ನಲ್ಲಿ ಇಟ್ಟುಕೊಂಡಿದ್ದಾಳೆ. ಕ್ಲಾಸ್‌ನಲ್ಲಿ ತೋರಿಸಬೇಕಂತೆ.

ಮಲ್ಲೇಶ್ವರ 15ನೇ ಕ್ರಾಸ್ · 9:48

ಅಬ್ಬಾ, ಸಿಲಿಂಡರ್ ಮೇಲೆ! ನಮ್ಮದೂ ಹಳೇ ಮನೆ. ನಾಳೆಯೇ ಎರಡು ಕಡೆ ವೋಲ್ಟೇಜ್ ನೋಡುತ್ತೇನೆ. ಎಷ್ಟು ಬಿದ್ದರೆ ಗಾಬರಿ ಆಗಬೇಕು ವೈರ್‌ಮನ್ ಅವರೇ?

ಹಳೇ ವೈರ್‌ಮನ್ · 10:02

ಗೀಸರ್ ಓಡುವಾಗ ಎರಡು ಮೂರು ವೋಲ್ಟ್ ಬಿದ್ದರೆ ಮಾಮೂಲಿ ತಾಯಿ. ಐದು ದಾಟಿದರೆ ಯಾರನ್ನಾದರೂ ಕರೆಸಿ. ಅಳೆಯುವುದಕ್ಕೆ ಮುಂಚೆ ಇನ್ನೊಂದು ಕೆಲಸ. ಗೀಸರ್ ಅರ್ಧ ಗಂಟೆ ಓಡಿದ ಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಅದರ ಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲು ಆಗದಿದ್ದರೆ ಮೀಟರೇ ಬೇಕಿಲ್ಲ.

ಒಗ್ಗರಣೆ ಗುಂಡ · 10:15

ಅಪ್ಪಾವ್ರೇ, ಮುಖ್ಯ ಪ್ರಶ್ನೆ. ವೈರಿಂಗ್ ಖರ್ಚು ಓನರ್ ಕೊಟ್ಟರಾ?

ಹನುಮಂತನಗರದಪ್ಪ · 10:21

ಅರ್ಧ ಕೊಟ್ಟರು. ಇನ್ನರ್ಧಕ್ಕೆ ರೋಧ ಜಾಸ್ತಿ ಇದೆ.